ಪೀಪಾಯಿಯಲ್ಲಿ ಕಳೆದ ವರ್ಷಗಳು: ಸ್ಕಾಚ್ ಮಾಲ್ಟ್ ವಿಸ್ಕಿಯ ವಯಸ್ಸೂ ರುಚಿ ಪರೀಕ್ಷೆಯೂ

ಮಂಗಳೂರು ಪೇಟೆಗೆ ಚಾಲಿ ಅಡಿಕೆ ಕೊಟ್ಟವರಿಗೆ ಹೊಸ ಅಡಿಕೆ, ಸಿಂಗಲ್ ಚೋಲ್, ಡಬ್ಬಲ್ ಚೋಲ್ ಎಂಬ ಮಾತುಗಳನ್ನು ವಿವರಿಸಬೇಕಾಗಿಲ್ಲ. ಗೋದಾಮಿನಲ್ಲಿ ವರ್ಷ ಕಳೆದ ಅಡಿಕೆಗೆ ಒಂದು ಧಾರಣೆ, ಎರಡು ವರ್ಷ ಕಳೆದದ್ದಕ್ಕೆ ಇನ್ನೊಂದು ಧಾರಣೆ. ಹಳೆಯದಕ್ಕೆ ಹೆಚ್ಚು ಬೆಲೆ ಎಂದು ಇಟ್ಟವರಿಗೆಲ್ಲ ಲಾಭವಾಗುತ್ತದೆಂದೇನೂ ಇಲ್ಲ. ತೂಕ ಇಳಿಯುತ್ತದೆ, ಹುಳು ಹಿಡಿಯಬಹುದು, ಕಟ್ಟಿಹಾಕಿದ ಹಣಕ್ಕೆ ಬಡ್ಡಿ ಬೆಳೆಯುತ್ತದೆ. ಸ್ಕಾಟ್‌ಲೆಂಡಿನ ಮಾಲ್ಟ್ ವಿಸ್ಕಿಯ ವ್ಯಾಪಾರವೂ ಬಹುಮಟ್ಟಿಗೆ ಇದೇ ಲೆಕ್ಕಾಚಾರದ ಮೇಲೆ ನಿಂತಿದೆ. ಅಲ್ಲಿ ದಾಸ್ತಾನು ಒಂದೆರಡು ವರ್ಷಕ್ಕಲ್ಲ, ಹನ್ನೆರಡು, ಹದಿನೆಂಟು, ಮೂವತ್ತು ವರ್ಷಗಳಿಗೆ.

ಮದ್ಯಪಾನಕ್ಕೆ ಪ್ರೋತ್ಸಾಹ ಕೊಡುವುದು ಈ ಲೇಖನದ ಉದ್ದೇಶವಲ್ಲ. ಆದರೆ ದುಬೈಯಿಂದ ಬರುವ ಮಗ, ಲಂಡನ್ನಿನಿಂದ ಬರುವ ಅಳಿಯ ವಿಮಾನ ನಿಲ್ದಾಣದಲ್ಲಿ ಕೊಂಡ ಬಾಟಲಿಯನ್ನು ತಂದು ಮೇಜಿನ ಮೇಲಿಡುವುದು ನಮ್ಮ ತೋಟದ ಮನೆಗಳಲ್ಲಿ ಈಗ ಅಪರೂಪವಲ್ಲ. ಆಗ ಒಂದು ಪ್ರಶ್ನೆ ಏಳುತ್ತದೆ. ಬಾಟಲಿಯ ಮೇಲೆ 12 ಎಂದೋ 18 ಎಂದೋ ಇರುವ ಅಂಕೆಗೆ ನಿಜವಾದ ಅರ್ಥವೇನು? ಎರಡರಷ್ಟು ಹಣ ಕೊಟ್ಟು 18ನ್ನು ತರುವುದರಲ್ಲಿ ಹುರುಳಿದೆಯೇ? ಕುಡಿಯದವರೂ ಇದನ್ನು ಓದಬಹುದು. ಕಾಲದ ಹೆಸರಿನಲ್ಲಿ ಬೆಲೆ ಹೇಗೆ ಹುಟ್ಟುತ್ತದೆಂಬುದು ಬೆಳೆಗಾರನಿಗೆ ತಿಳಿದಿರಬೇಕಾದ ವಿಷಯವೇ ಆಗಿದೆ.

ಅಂಕೆಯ ಅರ್ಥ

ಸಿಂಗಲ್ ಮಾಲ್ಟ್ ಎಂದರೆ ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೊಂದರಿಂದಲೇ, ತಾಮ್ರದ ಹಂಡೆಗಳಲ್ಲಿ ಇಳಿಸಿದ ವಿಸ್ಕಿ. ಬೇರೆ ಬೇರೆ ಭಟ್ಟಿಗಳ ಮಾಲ್ಟಿಗೆ ಗೋಧಿ, ಜೋಳ ಮುಂತಾದ ಇತರ ಧಾನ್ಯದ ವಿಸ್ಕಿಯನ್ನು ಬೆರೆಸಿದರೆ ಅದು ಬ್ಲೆಂಡೆಡ್. ಸ್ಕಾಚ್ ಎಂಬ ಹೆಸರು ಬರಬೇಕಾದರೆ ಕನಿಷ್ಠ 3 ವರ್ಷ ಸ್ಕಾಟ್‌ಲೆಂಡಿನಲ್ಲಿಯೇ, 700 ಲೀಟರಿಗೆ ಮೀರದ ಓಕ್ ಮರದ ಪೀಪಾಯಿಯಲ್ಲಿ ಇದ್ದಿರಬೇಕು. ಬಾಟಲಿಗೆ ತುಂಬುವಾಗ ಮದ್ಯಾಂಶ ಶೇಕಡಾ 40ಕ್ಕಿಂತ ಕಡಿಮೆ ಇರಕೂಡದು. ನೀರು ಮತ್ತು ಬಣ್ಣಕ್ಕಾಗಿ ಕ್ಯಾರಮೆಲ್ ಹೊರತು ಬೇರೇನನ್ನೂ ಸೇರಿಸುವಂತಿಲ್ಲ. ಇವೆಲ್ಲ 2009ರ ಸ್ಕಾಚ್ ವಿಸ್ಕಿ ನಿಯಮಗಳಲ್ಲಿವೆ. ಕನಿಷ್ಠ ವಯಸ್ಸಿನ ಕಟ್ಟಳೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಎರಡು ವರ್ಷವೆಂದು ಗೊತ್ತುಮಾಡಿತು. ಮರುವರ್ಷ ಅದು ಮೂರಾಯಿತು.

12 ಎಂಬುದು ಬಾಟಲಿಯಲ್ಲಿರುವ ಅತಿ ಎಳೆಯ ವಿಸ್ಕಿಯ ವಯಸ್ಸು, ಸರಾಸರಿಯಲ್ಲ. ಭಟ್ಟಿಯ ಯಜಮಾನ ನೂರಾರು ಪೀಪಾಯಿಗಳನ್ನು ಒಟ್ಟು ಬೆರೆಸುತ್ತಾನೆ. ಅವುಗಳಲ್ಲಿ 14 ವರ್ಷದ್ದೂ 16 ವರ್ಷದ್ದೂ ಇರಬಹುದು, ಆದರೆ 12ಕ್ಕಿಂತ ಎಳೆಯದು ಒಂದು ತೊಟ್ಟೂ ಇರುವಂತಿಲ್ಲ.

ವಯಸ್ಸೆಂದರೆ ಪೀಪಾಯಿಯಲ್ಲಿ ಕಳೆದ ವಯಸ್ಸು. ಗಾಜಿನಲ್ಲಿ ವಿಸ್ಕಿ ಮಾಗುವುದಿಲ್ಲ. ಅಜ್ಜನ ಕಾಲದ ಬೀರುವಿನಲ್ಲಿ 25 ವರ್ಷ ಮುಚ್ಚಳ ತೆಗೆಯದೆ ಇದ್ದ 12ರ ಬಾಟಲಿ ಇಂದಿಗೂ 12 ವರ್ಷದ್ದೇ. ವೈನಿನ ವಿಷಯ ಬೇರೆ. ಎರಡನ್ನೂ ಒಂದೇ ಎಂದು ತಿಳಿದವರು ಬಹಳ ಮಂದಿ.

ಔಟ್‌ಟರ್ನ್ ಲೆಕ್ಕ

ಭಟ್ಟಿಯಿಂದ ಇಳಿದ ಸಾರ ನೀರಿನಂತೆ ತಿಳಿಯಾಗಿರುತ್ತದೆ, ಅದರಲ್ಲಿ ಸುಮಾರು ಶೇಕಡಾ 70ರಷ್ಟು ಮದ್ಯಾಂಶವಿರುತ್ತದೆ. ಸಾಮಾನ್ಯವಾಗಿ ಅದನ್ನು ನೀರಿನಿಂದ 63.5ಕ್ಕೆ ಇಳಿಸಿ ಪೀಪಾಯಿಗೆ ತುಂಬುತ್ತಾರೆ. ಮರವು ಉಸಿರಾಡುತ್ತದೆ, ಆದ್ದರಿಂದ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ. ಇದಕ್ಕೆ ಸ್ಕಾಟರು ದೇವದೂತರ ಪಾಲು ಎನ್ನುತ್ತಾರೆ. ಕ್ಯೂರಿಂಗ್‌ಗೆ ಕೊಟ್ಟ ಕಾಫಿಯ ಔಟ್‌ಟರ್ನ್ ನೋಡಿ ಅಭ್ಯಾಸವಿರುವ ನಮಗೆ ಈ ಲೆಕ್ಕ ಬೇಗನೆ ಹಿಡಿಸುತ್ತದೆ. 250 ಲೀಟರಿನ ಪೀಪಾಯಿಯೊಂದನ್ನು ತೆಗೆದುಕೊಳ್ಳೋಣ. 12 ವರ್ಷಕ್ಕೆ ಅದರಲ್ಲಿ ಉಳಿಯುವುದು ಸುಮಾರು 196 ಲೀಟರು, 18ಕ್ಕೆ 174, 30 ವರ್ಷಕ್ಕೆ 136. ಅಂದರೆ 30 ವರ್ಷ ಕಾದವನಿಗೆ ಹತ್ತಿರ ಹತ್ತಿರ ಅರ್ಧ ಮಾಲು ಗಾಳಿಪಾಲು. ಉಳಿದ ಅರ್ಧದ ಮೇಲೆ ಗೋದಾಮಿನ ಖರ್ಚು, 30 ವರ್ಷದ ಬಡ್ಡಿ ಎಲ್ಲವೂ ಬೀಳಬೇಕು. 18ರ ಬಾಟಲಿಗೆ 12ರ ಎರಡರಷ್ಟೋ ಇನ್ನೂ ಹೆಚ್ಚೋ ಬೆಲೆ ಇರುವುದು ರುಚಿ ಎರಡರಷ್ಟಾಗಿದೆ ಎಂದಲ್ಲ. ಅದರ ಬಹುಪಾಲು ಕಾದ ಕಾಲದ ಬಾಡಿಗೆ.

ಇನ್ನೊಂದು ಅಪಾಯವೂ ಇದೆ. ಸ್ಕಾಟ್‌ಲೆಂಡಿನ ತಂಪು, ತೇವದ ಹವೆಯಲ್ಲಿ ನೀರಿಗಿಂತ ಮದ್ಯಾಂಶ ಬೇಗ ಹೋಗುವುದರಿಂದ ವರ್ಷಗಳು ಕಳೆದಂತೆ ಬಲ ಇಳಿಯುತ್ತದೆ. ಶೇಕಡಾ 40ಕ್ಕಿಂತ ಕೆಳಗೆ ಬಿದ್ದ ಪೀಪಾಯಿಯನ್ನು ಸ್ಕಾಚ್ ಎಂದು ಮಾರುವಂತಿಲ್ಲ. ಆದ್ದರಿಂದ ಹಳೆಯ ಪೀಪಾಯಿಗಳ ಬಲವನ್ನು ಆಗಾಗ ಅಳೆದು ನೋಡುತ್ತಲೇ ಇರುತ್ತಾರೆ. ಎಲ್ಗಿನ್ ಪಟ್ಟಣದ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಎಂಬ ಹಳೆಯ ವ್ಯಾಪಾರ ಮನೆಯವರು 1940ರ ಫೆಬ್ರವರಿಯಲ್ಲಿ ತುಂಬಿದ ಗ್ಲೆನ್‌ಲಿವೆಟ್ ಪೀಪಾಯಿಯೊಂದನ್ನು 80 ವರ್ಷ ಕಾಯ್ದು 2021ರಲ್ಲಿ ಮಾರಾಟಕ್ಕೆ ತಂದರು. ಅಷ್ಟು ವರ್ಷದ ಮೇಲೂ ಅದರ ಬಲ 44.9 ಇತ್ತು. ಇದು ಲಕ್ಷಕ್ಕೊಂದು ಎನ್ನಬೇಕಾದ ಪೀಪಾಯಿ. ಉಳಿದವು ಅದಕ್ಕೆ ಎಷ್ಟೋ ಮೊದಲೇ ಸೋತಿರುತ್ತವೆ.

ಮರ ಕೊಡುವುದೇನು

ಬಣ್ಣವೆಲ್ಲ ಮರದಿಂದ ಬಂದದ್ದು, ಕ್ಯಾರಮೆಲ್ ಹಾಕಿರದಿದ್ದರೆ. ರುಚಿಯಲ್ಲಿಯೂ ದೊಡ್ಡ ಪಾಲು ಮರದ್ದೇ. ಒಳಮೈ ಸುಟ್ಟ ಓಕ್ ಹಲಗೆಯಿಂದ ವೆನಿಲಾ ಪರಿಮಳದ ವೆನಿಲಿನ್, ತೆಂಗಿನಕಾಯಿಯ ಪರಿಮಳ ಕೊಡುವ ಲ್ಯಾಕ್ಟೋನ್, ಜೊತೆಗೆ ಟ್ಯಾನಿನ್ ಇಳಿಯುತ್ತವೆ. ಸುಟ್ಟ ಇದ್ದಿಲಿನ ಪದರವು ಹೊಸ ಸಾರದಲ್ಲಿರುವ ಗಂಧಕದ ಕೆಟ್ಟ ವಾಸನೆಯನ್ನು ಹೀರುತ್ತದೆ. ಹಲಗೆಯ ಸಂದಿನಿಂದ ಬರುವ ಗಾಳಿ ನಿಧಾನವಾಗಿ ಒಳಗಿನ ಖಾರವನ್ನು ಮೆದುಗೊಳಿಸಿ ಹಣ್ಣಿನ ಪರಿಮಳಗಳನ್ನು ಹುಟ್ಟಿಸುತ್ತದೆ. ಮೊದಲಿನ ಕೆಲಸಗಳು ಬೇಗ ಆಗುತ್ತವೆ. ಕೊನೆಯದಕ್ಕೆ ಮಾತ್ರ ಕಾಲವೇ ಬೇಕು.

ಪೀಪಾಯಿಗಳು ಹೊಸವಲ್ಲ. ಅಮೆರಿಕದ ಬೂರ್ಬನ್ ವಿಸ್ಕಿಯನ್ನು ಅಲ್ಲಿನ ಕಾನೂನಿನಂತೆ ಹೊಸ ಓಕಿನಲ್ಲಿಯೇ ಇಡಬೇಕಾದ್ದರಿಂದ, ಒಮ್ಮೆ ಬಳಸಿದ ಸುಮಾರು 200 ಲೀಟರಿನ ಪೀಪಾಯಿಗಳು ಅಗ್ಗವಾಗಿ ಸ್ಕಾಟ್‌ಲೆಂಡಿಗೆ ಬರುತ್ತವೆ. ಸ್ಪೇನ್ ದೇಶದ ಶೆರಿ ಎಂಬ ದ್ರಾಕ್ಷಾಮದ್ಯ ಇದ್ದ 500 ಲೀಟರಿನ ದೊಡ್ಡ ಪೀಪಾಯಿಗಳಿಗೆ ಬೆಲೆ ಬಹಳ ಹೆಚ್ಚು. ಅವು ಒಣದ್ರಾಕ್ಷಿ, ಖರ್ಜೂರದ ರುಚಿಯನ್ನೂ ಕಪ್ಪುಗೆಂಪು ಬಣ್ಣವನ್ನೂ ಕೊಡುತ್ತವೆ. ಪೀಪಾಯಿಯನ್ನು ಎಷ್ಟನೆಯ ಸಲ ತುಂಬಿದ್ದಾರೆ ಎಂಬುದೂ ಮುಖ್ಯ. ಫಿಲ್ಟರಿನ ಅದೇ ಪುಡಿಗೆ ಎರಡನೆಯ ಸಲ ನೀರು ಹೊಯ್ದರೆ ಡಿಕಾಕ್ಷನ್ ಹೇಗಿರುತ್ತದೆಂದು ನಮ್ಮ ಮನೆಯವರನ್ನು ಕೇಳಿದರೆ ಸಾಕು. ಮೂರನೆಯ ಸಲ ತುಂಬಿದ ಪೀಪಾಯಿಯಲ್ಲಿ 18 ವರ್ಷ ಕಳೆದದ್ದು, ಮೊದಲ ಸಲದ ಪೀಪಾಯಿಯಲ್ಲಿ 10 ವರ್ಷ ಕಳೆದದ್ದಕ್ಕಿಂತ ಬಣ್ಣದಲ್ಲಿಯೂ ರುಚಿಯಲ್ಲಿಯೂ ಎಳೆಯದಾಗಿ ಕಾಣಬಹುದು.

ಮರ ಅತಿಯಾದರೆ ಏನಾಗುತ್ತದೆಂಬುದನ್ನು ಅಡಿಕೆಯವರು ಚೆನ್ನಾಗಿ ಬಲ್ಲರು. ಎಳೆ ಅಡಿಕೆ ಜಗಿದಾಗ ನಾಲಿಗೆ ಹಿಡಿದುಕೊಳ್ಳುವ ಒಗರು ಇದೆಯಲ್ಲ, ಅದೂ ಟ್ಯಾನಿನ್ನಿನ ಗುಣವೇ. ಅಡಿಕೆ ಬಲಿತಂತೆ ಒಗರು ಇಳಿಯುತ್ತದೆ, ವಿಸ್ಕಿಯಲ್ಲಿ ವರ್ಷ ಹೋದಂತೆ ಏರುತ್ತದೆ. ಬಹಳ ಹಳೆಯ ವಿಸ್ಕಿಯಲ್ಲಿ ಹಣ್ಣೂ ಜೇನೂ ಹಿಂದೆ ಸರಿದು ಹಲಗೆ ಜಗಿದಂತಹ ಒಣ ಕಹಿ ಮುಂದೆ ಬಂದಿದ್ದರೆ, ಅದು ಮಾಗಿದ್ದಲ್ಲ, ಅವಧಿ ಮೀರಿದ್ದು.

ಒಂದೇ ಭಟ್ಟಿಯ ಮೂರು ವಯಸ್ಸು

ವಯಸ್ಸಿನ ವ್ಯತ್ಯಾಸ ಕಲಿಯಲು ಒಂದೇ ಭಟ್ಟಿಯ 12, 15, 18 ವರ್ಷದ ಬಾಟಲಿಗಳನ್ನು ಎದುರಿಗಿಟ್ಟುಕೊಳ್ಳುವುದು ರೂಢಿ. ನಮ್ಮಲ್ಲಿ ಸುಲಭವಾಗಿ ಸಿಗುವುದು ಸ್ಪೇಸೈಡ್ ಪ್ರಾಂತದ ಡಫ್‌ಟೌನಿನ ಗ್ಲೆನ್‌ಫಿಡಿಕ್. ವಿಲಿಯಂ ಗ್ರಾಂಟ್ ಎಂಬಾತ ಮಕ್ಕಳೊಂದಿಗೆ ಕಟ್ಟಿದ ಈ ಭಟ್ಟಿಯಲ್ಲಿ ಮೊದಲ ಸಾರ ಇಳಿದದ್ದು 1887ರ ಕ್ರಿಸ್‌ಮಸ್ ದಿನ. ಎಲ್ಲರೂ ಬ್ಲೆಂಡೆಡ್ ಮಾರುತ್ತಿದ್ದಾಗ, 1963ರಲ್ಲಿ, ಸಿಂಗಲ್ ಮಾಲ್ಟನ್ನು ಹೊರದೇಶಗಳಿಗೆ ಮಾರಲು ಹೊರಟ ಧೈರ್ಯ ಇವರದು.

12ರಲ್ಲಿ ಹಸಿ ಪೇರುಹಣ್ಣಿನಂತಹ (ಸೀಬೆಯಲ್ಲ, ಇಂಗ್ಲಿಷಿನವರು ಪೇರ್ ಎನ್ನುವ ಹಣ್ಣು) ತಿಳಿ ಪರಿಮಳ ಮೊದಲು ಸಿಗುತ್ತದೆ. ನುಂಗಿದ ಮೇಲೆ ರುಚಿ ಬೇಗ ಮುಗಿಯುತ್ತದೆ. 15ರಲ್ಲಿ ಜೇನು, ಒಣದ್ರಾಕ್ಷಿ, ದಾಲ್ಚಿನ್ನಿಯ ಕಡೆಗೆ ತಿರುಗಿರುತ್ತದೆ. 18ರಲ್ಲಿ ಬೇಯಿಸಿದ ಸೇಬು, ಮರ, ಸ್ವಲ್ಪ ಒಗರು, ಬಾಯಲ್ಲಿ ಹೆಚ್ಚು ಹೊತ್ತು ಉಳಿಯುವ ಗುಣ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. 15ನ್ನು ಎಂದೂ ಅರ್ಧಕ್ಕಿಂತ ಕೆಳಗೆ ಬರಿದು ಮಾಡದ ದೊಡ್ಡ ಮರದ ತೊಟ್ಟಿಯೊಂದರಲ್ಲಿ ಬೆರೆಸುತ್ತಾರೆ. ದೋಸೆ ಹಿಟ್ಟಿಗೆ ಹಳೆ ಹಿಟ್ಟು ಉಳಿಸಿ ಬೆರೆಸಿದ ಹಾಗೆ ಹಳೆಯದರ ಅಂಶ ಅದರಲ್ಲಿ ಸದಾ ಇರುತ್ತದೆ. 18ರಲ್ಲಿ ಶೆರಿ ಪೀಪಾಯಿಯ ಪಾತ್ರವಿದೆ. ಆದ್ದರಿಂದ ಮೂರರ ನಡುವೆ ಬದಲಾದದ್ದು ವಯಸ್ಸೊಂದೇ ಅಲ್ಲ. ಒಂದು ತಾಕಿಗೆ ಗೊಬ್ಬರ ಬದಲಿಸಿ, ಇನ್ನೊಂದಕ್ಕೆ ನೆರಳನ್ನೂ ಬದಲಿಸಿ ಇಳುವರಿ ಹೋಲಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲಾದೀತೇ? ವಯಸ್ಸೊಂದನ್ನೇ ತಿಳಿಯಬೇಕೆನ್ನುವವರು ಒಂದೇ ಭಟ್ಟಿಯ, ಒಂದೇ ಜಾತಿಯ ಪೀಪಾಯಿಯ, ಒಂದೇ ಬಲದ ಬೇರೆ ಬೇರೆ ವಯಸ್ಸಿನವನ್ನು ಹುಡುಕಬೇಕು. ಒಂದೊಂದೇ ಪೀಪಾಯಿಯನ್ನು ಕೊಂಡು ತುಂಬುವ ವ್ಯಾಪಾರಿಗಳಲ್ಲಿ ಅಂಥವು ಸಿಗುತ್ತವೆ. ಆದರೆ ಬೆಲೆ ಹೆಚ್ಚು.

ಹೊಗೆ ವಿಸ್ಕಿಯ ಕತೆ ಇನ್ನೂ ಸ್ವಾರಸ್ಯ. ಐಲಾ ದ್ವೀಪದಲ್ಲಿ ಬಾರ್ಲಿಯನ್ನು ಪೀಟ್ ಎಂಬ ಜೌಗುನೆಲದ ಹೆಂಟೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಲಫ್ರೋಯ್ಗ್, ಲಗವುಲಿನ್, ಆರ್ಡ್‌ಬೆಗ್ ಅಲ್ಲಿನವು. ನಮ್ಮ ಕಾಫಿಗೆ ಹೊಗೆ ವಾಸನೆ ತಗಲಿದರೆ ದರ ಕಡಿಯುತ್ತಾರೆ, ಅವರು ಅದನ್ನೇ ಅಭಿಮಾನದಿಂದ ಮಾರುತ್ತಾರೆ! ಹೊಗೆಯೊಂದಿಗೆ ಆಸ್ಪತ್ರೆಯ ಟಿಂಕ್ಚರ್ ಅಯೋಡಿನ್ ವಾಸನೆಯೂ ಇರುತ್ತದೆ. ಈ ಹೊಗೆ ಪೀಪಾಯಿಯಲ್ಲಿ ವರ್ಷ ವರ್ಷಕ್ಕೆ ಮಂಕಾಗುತ್ತದೆ. ಆದ್ದರಿಂದ ಹೊಗೆಯನ್ನೇ ಇಷ್ಟಪಡುವವರಿಗೆ 10 ವರ್ಷದ್ದು 25 ವರ್ಷದ್ದಕ್ಕಿಂತ ಹಿಡಿಸಬಹುದು, ಖರ್ಚೂ ಕಡಿಮೆ. ನನ್ನ ಅಭಿಪ್ರಾಯವನ್ನು ಕೇಳಿದರೆ, ಹಗುರವಾದ ಸ್ಪೇಸೈಡ್ ವಿಸ್ಕಿಗೆ 15ರಿಂದ 18, ಹೊಗೆಯದಕ್ಕೆ 10ರಿಂದ 16. ಅದರಿಂದಾಚೆಗೆ ಕೊಟ್ಟ ಹಣ ರುಚಿಗೆ ಕೊಟ್ಟದ್ದಲ್ಲ.

ಪರೀಕ್ಷೆಯ ಕ್ರಮ

ಕಾಫಿಯ ಕಪ್ ಟೇಸ್ಟಿಂಗ್ ನೋಡಿದವರಿಗೆ ಇದರಲ್ಲಿ ಹೊಸದು ಹೆಚ್ಚಿಲ್ಲ. ಕಾಫಿಗೆ ರುಚಿಗಳ ಚಕ್ರವಿರುವಂತೆ ಸ್ಕಾಚ್‌ಗೂ ಅಲ್ಲಿನ ಸಂಶೋಧಕರು 1970ರ ದಶಕದ ಕೊನೆಯಲ್ಲಿ ಚಕ್ರವೊಂದನ್ನು ಮಾಡಿದ್ದಾರೆ. ಬುಡ ಅಗಲವಾಗಿ ಬಾಯಿ ಕಿರಿದಾದ ಪುಟ್ಟ ಲೋಟ ಬೇಕು. 2001ರಲ್ಲಿ ಬಂದ ಗ್ಲೆನ್‌ಕೈರ್ನ್ ಲೋಟ ಇದಕ್ಕೆ ಪ್ರಸಿದ್ಧವಾಗಿದೆ. ಪ್ರತಿಯೊಂದಕ್ಕೂ 20–25 ಮಿಲಿಲೀಟರು ಸಾಕು. ಒಂದು ಬೈಠಕ್ಕಿಗೆ ಮೂರು, ಹೆಚ್ಚೆಂದರೆ ನಾಲ್ಕು ಲೋಟ. ಅದಕ್ಕಿಂತ ಹೆಚ್ಚಾದರೆ ನಾಲಿಗೆ ಸತ್ತುಹೋಗುತ್ತದೆ, ಮಾತು ಮಾತ್ರ ಉಳಿಯುತ್ತದೆ. ಕಾಫಿ ರುಚಿಗಾರರು ಮಾಡುವಂತೆ ಉಗುಳುವುದರಲ್ಲಿ ಅವಮಾನವಿಲ್ಲ.

ಪರೀಕ್ಷೆಗೆ ಒಂದು ಗಂಟೆ ಮೊದಲಿನಿಂದ ವೀಳ್ಯ, ಉಪ್ಪಿನಕಾಯಿ, ಕರಿದ ತಿಂಡಿ, ಬೀಡಿ ಸಿಗರೇಟು ಬೇಡ. ಸುಣ್ಣ ಹಚ್ಚಿದ ಎಲೆಯಡಿಕೆ ಹಾಕಿದ ಬಾಯಿಗೆ 12ಕ್ಕೂ 18ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಮಂಜುಗಡ್ಡೆಯೂ ಬೇಡ, ಚಳಿಗೆ ಪರಿಮಳ ಮುದುಡಿಕೊಳ್ಳುತ್ತದೆ. ಯಾವ ಲೋಟದಲ್ಲಿ ಯಾವುದಿದೆ ಎಂದು ಬೇರೊಬ್ಬರು ತಳಕ್ಕೆ ಚೀಟಿ ಅಂಟಿಸಿ ಇಡಲಿ. ಬಾಟಲಿಯ ಅಂಕೆ ಕಣ್ಣೆದುರಿಗಿದ್ದರೆ ಮೂಗು ಅಂಕೆಯನ್ನೇ ಮೂಸುತ್ತದೆ. ಬಣ್ಣವನ್ನೂ ನಂಬಬೇಡಿ.

ಮೂಗನ್ನು ಲೋಟದೊಳಕ್ಕೆ ತುರುಕದೆ, ಬಾಯಿ ಸ್ವಲ್ಪ ತೆರೆದು, ದೂರದಿಂದ ಹತ್ತಿರಕ್ಕೆ ತನ್ನಿ. ಕಾಫಿಯಂತೆ ಜೋರಾಗಿ ಎಳೆದುಕೊಂಡರೆ ಖಾರ ನೆತ್ತಿಗೆ ಹತ್ತಿ ಹತ್ತು ನಿಮಿಷ ಏನೂ ತಿಳಿಯುವುದಿಲ್ಲ. ಮೂರನ್ನೂ ಮೂಸಿದ ಮೇಲೆ ಪುನಃ ಮೊದಲನೆಯದಕ್ಕೆ ಬನ್ನಿ. ಆಗಲೇ ವ್ಯತ್ಯಾಸ ಎದ್ದು ಕಾಣುವುದು. ಎಳೆಯದರಲ್ಲಿ ಹಸಿ ಧಾನ್ಯ, ಹಸಿ ಹಣ್ಣು, ಮೂಗಿಗೆ ಚುಚ್ಚುವ ಗುಣ. ಮಾಗಿದ್ದರಲ್ಲಿ ಒಣಹಣ್ಣು, ಜೇನುಮೇಣ, ಹಳೆಯ ಮರದ ಪೆಟ್ಟಿಗೆ ತೆರೆದ ವಾಸನೆ. ಬಳಿಕ ಒಂದು ಗುಟುಕು ಬಾಯಲ್ಲಿ ಹೊರಳಿಸಿ. ಬಾಯಲ್ಲಿ ರುಚಿ ಎಷ್ಟು ಹೊತ್ತು ಉಳಿಯಿತೆಂದು ಗಮನಿಸಿ. ಕಂಡದ್ದನ್ನು ಒಬ್ಬರೊಡನೊಬ್ಬರು ಮಾತಾಡುವ ಮೊದಲೇ ಬರೆದುಕೊಳ್ಳಬೇಕು. ಮನೆಯ ಹಿರಿಯರು 'ಆಹಾ' ಎಂದ ಮೇಲೆ ಉಳಿದವರ ಅಭಿಪ್ರಾಯ ಸಿಗುವುದಿಲ್ಲ.

ಆಮೇಲೆ ಪ್ರತಿಯೊಂದಕ್ಕೂ ಒಂದೊಂದು ಚಮಚ ನೀರು. ನೀರು ಬೆರೆಸುವುದು ವಿಸ್ಕಿಗೆ ಅವಮಾನವೆಂಬ ಮಾತು ಸರಿಯಲ್ಲ. ಬ್ಲೆಂಡ್ ಮಾಡುವವರೇ ಅದನ್ನು ಸುಮಾರು ಶೇಕಡಾ 20ಕ್ಕೆ ಇಳಿಸಿ ಮೂಸುತ್ತಾರೆ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಗಣಕಯಂತ್ರದಲ್ಲಿ ಲೆಕ್ಕ ಹಾಕಿ, ನೀರು ಬೆರೆಸಿದಾಗ ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್ ಎಂಬ ಅಂಶ ದ್ರವದ ಮೇಲ್ಮೈಗೆ ಬರುತ್ತದೆಂದು ತೋರಿಸಿದರು. ನೀರಿನಿಂದ ಅರಳುವುದೋ ಕುಸಿಯುವುದೋ ನೋಡುವುದೂ ಪರೀಕ್ಷೆಯ ಒಂದು ಭಾಗ.

ಬೆಂಗಳೂರಿನ ವರ್ಷ, ಸ್ಕಾಟ್‌ಲೆಂಡಿನ ವರ್ಷ

ಬೆಂಗಳೂರಿನ ಅಮೃತ್ ಸಂಸ್ಥೆಯವರು ತಮ್ಮ ಸಿಂಗಲ್ ಮಾಲ್ಟನ್ನು 2004ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿಯೇ ಮಾರುಕಟ್ಟೆಗಿಟ್ಟರು. ಅದರ ಬಾಟಲಿಯಲ್ಲಿ 12 ಎಂಬ ಅಂಕೆ ಇರಲಿಲ್ಲ. ಕಾರಣ ಹವಾಮಾನ. ಇಲ್ಲಿ ದೇವದೂತರ ಪಾಲು ವರ್ಷಕ್ಕೆ ಶೇಕಡಾ 10ರಿಂದ 12. ಅದೇ 250 ಲೀಟರಿನ ಪೀಪಾಯಿಗೆ ಶೇಕಡಾ 11ರಂತೆ ಲೆಕ್ಕ ಹಾಕಿದರೆ 4 ವರ್ಷಕ್ಕೆ 157 ಲೀಟರು, 8 ವರ್ಷಕ್ಕೆ 98, 12 ವರ್ಷಕ್ಕೆ ಬರೇ 62! ಆದ್ದರಿಂದ ನಾಲ್ಕೈದು ವರ್ಷಕ್ಕೇ ತೆಗೆಯುತ್ತಾರೆ. 8 ವರ್ಷ ಇಟ್ಟು 2013ರಲ್ಲಿ ಹೊರತಂದದ್ದಕ್ಕೆ ಅವರು 'ಗ್ರೀಡಿ ಏಂಜೆಲ್ಸ್', ಅರ್ಥಾತ್ ಆಸೆಬುರುಕ ದೇವದೂತರು, ಎಂದು ಹೆಸರಿಟ್ಟರು.

ಇಲ್ಲಿಯ ಒಂದು ವರ್ಷ ಅಲ್ಲಿಯ ಮೂರಕ್ಕೆ ಸಮ ಎನ್ನುವುದುಂಟು. ಅದು ಅರ್ಧ ಸತ್ಯ. ಬಿಸಿಗೆ ಮರದ ಸಾರ ಬೇಗ ಇಳಿಯುತ್ತದೆ ನಿಜ, ಆದರೆ ಗಾಳಿಯಿಂದ ನಿಧಾನವಾಗಿ ಆಗುವ ಬದಲಾವಣೆಯನ್ನು ಅಷ್ಟೇ ಬೇಗ ಮಾಡಿಸಲಾಗದು. 5 ವರ್ಷದ ಬೆಂಗಳೂರು ಮಾಲ್ಟು 15 ವರ್ಷದ ಸ್ಪೇಸೈಡ್ ಅಲ್ಲ, ಅದು ಬೇರೆಯೇ ಪದಾರ್ಥ. ನಮ್ಮ ಮಾನ್ಸೂನ್ಡ್ ಮಲಬಾರ್ ಕಾಫಿಯನ್ನು ಹಳೆಯ ಕಾಫಿ ಎನ್ನಲಾಗದು. ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುವಾಗ ಆಗುತ್ತಿದ್ದುದನ್ನು ಕರಾವಳಿಯ ಮಳೆಗಾಳಿಯಿಂದ ಮಾಡಿಸಿ, ಅದನ್ನೇ ಹೆಸರು ಮಾಡಿ ಮಾರಿದೆವು. ಅಮೃತ್‌ನವರೂ ವಯಸ್ಸಿನ ಪೈಪೋಟಿಗೆ ಇಳಿಯದೆ ಇಲ್ಲಿಯ ಹವೆಯನ್ನೇ ಮಾರಿದರು. ಇದು ಜಾಣತನವೆಂದೇ ನನಗೆ ತೋರುತ್ತದೆ.

ಮೋಸದ ಬಾಟಲಿ

ಅಂಕೆಗೆ ಬೆಲೆ ಬಂದಲ್ಲಿ ಸುಳ್ಳು ಅಂಕೆಯೂ ಬರುತ್ತದೆ. 1926ರಲ್ಲಿ ಇಳಿಸಿ 60 ವರ್ಷ ಪೀಪಾಯಿಯಲ್ಲಿಟ್ಟು 1986ರಲ್ಲಿ ತುಂಬಿದ ಮ್ಯಾಕಲನ್ ಬಾಟಲಿಗಳು ಬರೇ 40. ಅದರಲ್ಲೊಂದು 2023ರ ನವೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡಿಗೂ ಮೀರಿ ಹೋಯಿತು. ಇಂಥ ಬೆಲೆಯ ಆಸೆಗೆ ಹಳೆಯ ಬಾಟಲಿಗೆ ಹೊಸ ಮಾಲು ತುಂಬುವವರಿದ್ದಾರೆ. 2017ರಲ್ಲಿ ಸ್ವಿಟ್ಜರ್‌ಲೆಂಡಿನ ಹೋಟೆಲೊಂದರಲ್ಲಿ ಚೀನಾದ ಗಿರಾಕಿಯೊಬ್ಬರು 1878ರ ಮ್ಯಾಕಲನ್ ಎಂದು ಹೇಳಲಾದ ಒಂದು ಲೋಟಕ್ಕೆ ಸುಮಾರು 10,000 ಫ್ರಾಂಕ್ ಕೊಟ್ಟರು. ಅನುಮಾನ ಬಂದು ಪರೀಕ್ಷೆಗೆ ಕಳುಹಿಸಿದಾಗ ಅದು 1970ರ ಆಸುಪಾಸಿನದು, ಅದೂ ಬ್ಲೆಂಡೆಡ್ ಎಂದು ತಿಳಿಯಿತು. ಹೋಟೆಲಿನವರು ಹಣ ಹಿಂದಿರುಗಿಸಿದರು.

ಪತ್ತೆ ಮಾಡಿದ ವಿಧಾನ ಬೆಳೆಗಾರರಿಗೆ ರುಚಿಸೀತು. ಗಿಡ ಬೆಳೆಯುವಾಗ ಆ ವರ್ಷದ ಗಾಳಿಯ ಇಂಗಾಲವನ್ನೇ ಹೀರಿಕೊಳ್ಳುತ್ತದೆ. 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣವುಳ್ಳ ಇಂಗಾಲ ವಿಪರೀತ ಏರಿ, ಮತ್ತೆ ವರ್ಷ ವರ್ಷ ಇಳಿಯುತ್ತ ಬಂತು. ಆದ್ದರಿಂದ ಬಾರ್ಲಿ ಯಾವ ಕಾಲದಲ್ಲಿ ಬೆಳೆದದ್ದೆಂದು ವಿಸ್ಕಿಯ ಒಂದು ಹನಿಯೇ ಸಾಕ್ಷಿ ಹೇಳುತ್ತದೆ. ಸ್ಕಾಟ್‌ಲೆಂಡಿನ ಪ್ರಯೋಗಾಲಯವೊಂದು 2018ರಲ್ಲಿ 55 ಹಳೆಯ ಬಾಟಲಿಗಳನ್ನು ಹೀಗೆ ಪರೀಕ್ಷಿಸಿದಾಗ 21 ಖೋಟಾ ಎಂದು ಕಂಡುಬಂತು.

ಕೊಳ್ಳುವವರಿಗೆ ಒಂದೆರಡು ಮಾತು. ಭಾರತ ಮತ್ತು ಬ್ರಿಟನ್ ನಡುವಿನ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈಯಲ್ಲಿ ಸಹಿ ಬಿತ್ತು. ಶೇಕಡಾ 150ರ ಆಮದು ಸುಂಕವನ್ನು ಮೊದಲು 75ಕ್ಕೆ, ಹತ್ತನೆಯ ವರ್ಷದ ಹೊತ್ತಿಗೆ 40ಕ್ಕೆ ಇಳಿಸಬೇಕೆಂದು ಅದರಲ್ಲಿದೆ. ರಾಜ್ಯದ ಅಬಕಾರಿ ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ. ಚೀಟಿಯ ಮೇಲಿನ ಅಂಕೆಯ ಪಕ್ಕದಲ್ಲಿ 'ವರ್ಷ' ಎಂಬ ಅರ್ಥದ ಇಂಗ್ಲಿಷ್ ಮಾತು ಇದೆಯೇ ಎಂದು ನೋಡಿ. ಗ್ಲೆನ್‌ಫಾರ್ಕ್ಲಾಸ್ 105 ಎಂಬಲ್ಲಿ 105 ವಯಸ್ಸಲ್ಲ, ಹಳೆಯ ಬ್ರಿಟಿಷ್ ಪ್ರೂಫ್ ಅಳತೆ, ಶೇಕಡಾ 60 ಮದ್ಯಾಂಶ. ಮನೆಯಲ್ಲಿ ಬಾಟಲಿಯನ್ನು ನಿಲ್ಲಿಸಿಯೇ ಇಡಬೇಕು, ಮಲಗಿಸಿದರೆ ಬಿರಡೆ ಕೊರೆದುಹೋಗುತ್ತದೆ. ಅರ್ಧಕ್ಕಿಂತ ಕೆಳಗಿಳಿದ ಬಾಟಲಿಯಲ್ಲಿ ಗಾಳಿ ಹೆಚ್ಚಾಗಿ ಕೆಲವು ತಿಂಗಳಲ್ಲಿ ಪರಿಮಳ ಸಪ್ಪೆಯಾಗುವುದರಿಂದ, ಉಳಿದದ್ದನ್ನು ಚಿಕ್ಕ ಸೀಸೆಗೆ ಬಾಯಿಮಟ್ಟ ತುಂಬಿ ಬಿಸಿಲು ತಾಗದ ಕಡೆ ಇಡುವುದು ಒಳ್ಳೆಯದು.